ಮುಗುಳ್ನಗೆಗೆ ಎಷ್ಟು ಅಂಕ? ಬಾಗಲಕೋಟೆಯ ಬಿ.ಎಡ್. ತರಗತಿಯೊಂದರ ಪ್ರಕರಣ

ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಗಳು ಬಂದು ಬಿ.ಎಡ್. ಎರಡು ವರ್ಷದ್ದಾದ ಮೇಲೆ, ಪಠ್ಯಗಳನ್ನು ಓದಿ ಅವುಗಳ ಬಗ್ಗೆ ಯೋಚಿಸಿ ಬರೆಯುವ ಒಂದು ಪ್ರಾಯೋಗಿಕ ವಿಷಯವೂ ಕೋರ್ಸಿನೊಳಗೆ ಸೇರಿತು. ಹೆಚ್ಚಿನ ಕಡೆ ಅದು ದಾಖಲೆ ಪುಸ್ತಕಕ್ಕೆ ಬಣ್ಣದ ರಟ್ಟು ಹಾಕಿ ಸಹಿ ಮಾಡಿಸಿಕೊಳ್ಳುವಲ್ಲಿಗೆ ಮುಗಿಯುತ್ತದೆ. ಇನ್ನೊಂದು ಕಡೆ, ಎಲ್ಲ ಬಗೆಯ ಮಕ್ಕಳಿಗೂ ಒಂದೇ ತರಗತಿಯಲ್ಲಿ ಕಲಿಸುವ ಸಮನ್ವಯ ಶಿಕ್ಷಣದ ವಿಷಯ ಪತ್ರಿಕೆ ಇದೆ. ಅದರಲ್ಲಿ ಆಟಿಸಂ (ಜನರೊಂದಿಗೆ ಬೆರೆಯುವ, ಮಾತಾಡುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ) ಎಂದರೆ ಅರ್ಧ ಪುಟದ ಲಕ್ಷಣಗಳ ಪಟ್ಟಿ: ಕಣ್ಣು ಕೊಟ್ಟು ನೋಡುವುದಿಲ್ಲ, ಒಂಟಿಯಾಗಿ ಇರುತ್ತಾನೆ, ಅದೇ ಮಾತು ಮತ್ತೆ ಮತ್ತೆ ಆಡುತ್ತಾನೆ. ನಮ್ಮ ಪ್ರಶಿಕ್ಷಣಾರ್ಥಿಗಳು ಇದನ್ನು ಬಾಯಿಪಾಠ ಮಾಡಿ ಐದು ಅಂಕ ತೆಗೆದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಗಂಡೋ ಹೆಣ್ಣೋ ಎಂದು ತೋರಿಸುವ ಕ್ರಿಯಾಪದಗಳೆಲ್ಲ ‘-ತ್ತಾನೆ’ ಎಂದೇ ಮುಗಿಯುತ್ತವೆ. ಹೆಣ್ಣುಮಗಳೊಬ್ಬಳು ಆ ಪಟ್ಟಿಯಲ್ಲಿ ಇರಬಹುದೆಂಬ ಯೋಚನೆ ಬರೆದವರಿಗೂ ಬಂದಿಲ್ಲ, ಓದುವವರಿಗೂ ಬರುವುದಿಲ್ಲ.

ಈ ಎರಡನ್ನೂ ಜೋಡಿಸೋಣವೆಂದು ಬಾಗಲಕೋಟೆ ನವನಗರದ ನಮ್ಮ ಕಾಲೇಜಿನಲ್ಲಿ ಒಂದು ಬ್ಯಾಚಿಗೆ ಆಟಿಸಂ ಇರುವ ಮಹಿಳೆಯೊಬ್ಬರ ಆತ್ಮಕಥನವನ್ನು ಓದಿಸಿದೆ. ಆ ಓದು ಹಿಡಿದ ದಾರಿಯೇ ಈ ಬರಹದ ವಸ್ತು. ಇದರಲ್ಲಿ ಬರುವ ಪ್ರಶಿಕ್ಷಣಾರ್ಥಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಅವರಿಗೆ ಆಟಿಸಂ ಇದೆ ಎಂದು ಇಲ್ಲಿ ಎಲ್ಲೂ ಹೇಳುತ್ತಿಲ್ಲ, ಇಲ್ಲ ಎಂದೂ ಹೇಳುತ್ತಿಲ್ಲ. ಅದು ಅವರ ವಿಷಯ.

ಪುಸ್ತಕ

ಆರಿಸಿಕೊಂಡದ್ದು ಆಸ್ಟ್ರೇಲಿಯಾದ ಡೋನಾ ವಿಲಿಯಮ್ಸ್ ಅವರ ‘ನೋಬಡಿ ನೋವೇರ್’. ಅವರು ಹುಟ್ಟಿದ್ದು 1963ರಲ್ಲಿ, ಪುಸ್ತಕ ಬಂದದ್ದು 1992ರಲ್ಲಿ. ಚಿಕ್ಕವರಿದ್ದಾಗ ಕಿವಿ ಕೇಳಿಸುವುದಿಲ್ಲವೇನೋ ಎಂಬ ಅನುಮಾನ ಮನೆಯವರಿಗಿತ್ತು, ಆಟಿಸಂ ಎಂದು ಗೊತ್ತಾದದ್ದು ದೊಡ್ಡವರಾದ ಮೇಲೆ. ಅಲ್ಲಿಯವರೆಗೆ ಜಗತ್ತನ್ನು ಎದುರಿಸಲು ಅವರು ತಮ್ಮೊಳಗೆ ಎರಡು ಪಾತ್ರಗಳನ್ನು ಕಟ್ಟಿಕೊಂಡಿದ್ದರು. ಒಂದು ವಿಲ್ಲಿ: ಸಿಟ್ಟಿನ, ಯಾರಿಗೂ ಬಗ್ಗದ, ಮಾಹಿತಿಯನ್ನು ಕೂಡಿಟ್ಟುಕೊಂಡು ಮಾತಾಡುವ ಪಾತ್ರ. ಇನ್ನೊಂದು ಕ್ಯಾರಲ್: ಪಾರ್ಕಿನಲ್ಲಿ ಒಮ್ಮೆ ಸಿಕ್ಕಿದ್ದ ಹುಡುಗಿಯ ಹೆಸರು ಹೊತ್ತು, ನಗುನಗುತ್ತ ಹರಟುವ, ಎಲ್ಲರಿಗೂ ಬೇಕಾಗುವ ಪಾತ್ರ. ಮಾಸ್ಕಿಂಗ್ (ಮುಖವಾಡ ಹಾಕಿಕೊಳ್ಳುವುದು, ಅಂದರೆ ತನ್ನ ಸಹಜ ನಡೆ ಮರೆಮಾಚಿ ಉಳಿದವರಂತೆ ತೋರಿಸಿಕೊಳ್ಳುವುದು) ಎಂಬ ಹೆಸರು ಈ ಅರ್ಥದಲ್ಲಿ ಬಳಕೆಗೆ ಬರುವ ಮೊದಲೇ ಅದರ ಒಳಗಿನ ಕಥೆಯನ್ನು ಇಷ್ಟು ವಿವರವಾಗಿ ಬರೆದದ್ದು ದೊಡ್ಡ ಮಾತು. ಲಂಡನ್ನಿನಲ್ಲಿ ಸಂಶೋಧಕಿ ಲಾರಾ ಹಲ್ ಮತ್ತು ಸಂಗಡಿಗರು ಆಟಿಸಂ ಇರುವ ವಯಸ್ಕರನ್ನು ಮಾತಾಡಿಸಿ, ಈ ಮರೆಮಾಚುವಿಕೆ ಏಕೆ, ಹೇಗೆ, ಅದಕ್ಕೆ ತೆರುವ ಬೆಲೆ ಏನು ಎಂದು ಬರೆದದ್ದು 2017ರಲ್ಲಿ, ಅಂದರೆ ಈ ಪುಸ್ತಕ ಬಂದು 25 ವರ್ಷದ ಮೇಲೆ.

ಪುಸ್ತಕವನ್ನು ಇಡಿಯಾಗಿ ಕೈಗೆ ಕೊಡಲಿಲ್ಲ. ಅದರಲ್ಲಿ ಮನೆಯೊಳಗಿನ ಹೊಡೆತ ಬಡಿತ ಬಹಳ ಇದೆ. ಕ್ಲಾಸಿನಲ್ಲಿ ಯಾರ ಮನೆ ಹೇಗಿದೆಯೋ ನಮಗೆ ತಿಳಿಯದು. ಆಯ್ದ ಭಾಗಗಳನ್ನಷ್ಟೇ ತೆಗೆದುಕೊಂಡು, ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳುತ್ತ ಹೋದೆ. ನಮ್ಮವರಲ್ಲಿ ಹೆಚ್ಚಿನವರು ಹುನಗುಂದ, ಬಾದಾಮಿ, ಬೀಳಗಿ, ಮುಧೋಳ ತಾಲೂಕುಗಳ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು.

ಮೊದಲ ವಾರಗಳಲ್ಲಿ ನಡೆದದ್ದು ನಿರೀಕ್ಷಿತವೇ. ಓದಿದ್ದನ್ನೆಲ್ಲ ಅವರು ಲಕ್ಷಣಗಳ ಪಟ್ಟಿಗೆ ಸೇರಿಸಿದರು. ಇಂಟರ್ನ್‌ಶಿಪ್ ಶಾಲೆಯಿಂದ ಬಂದವನೊಬ್ಬ, “ಮೇಡಂ, ನಮ್ಮ ಸಾಲ್ಯಾಗ ಆರನೇತ್ತದಾಗ ಒಬ್ಬ ಅದಾನ್ರಿ, ಗ್ಯಾರಂಟಿ ಆಟಿಸಂ” ಎಂದ. ಏಕೆಂದು ಕೇಳಿದರೆ, ಹುಡುಗ ಊಟದ ಹೊತ್ತಿನಲ್ಲಿ ಒಬ್ಬನೇ ಕೂಡುತ್ತಾನಂತೆ. ಅಂದೇ ಒಂದು ಕರಾರು ಮಾಡಿಕೊಂಡೆವು: ಪುಸ್ತಕದ ಬಗ್ಗೆ ಮಾತಾಡಬಹುದು, ಮನಸ್ಸಿದ್ದರೆ ತಮ್ಮ ಬಗ್ಗೆ ಮಾತಾಡಬಹುದು, ಇನ್ನೊಬ್ಬರ ಬಗ್ಗೆ ಮಾತ್ರ ಕೂಡದು. ಮುಂದೆ ಈ ಕರಾರೇ ಕೈಹಿಡಿಯಿತು.

ಆರು ನಿಮಿಷದ ಪಾಠ

ಅದೇ ತಿಂಗಳು ಅಣುಬೋಧನೆ (ಮೈಕ್ರೋ ಟೀಚಿಂಗ್) ನಡೆದಿತ್ತು. ಬಿ.ಎಡ್. ಮಾಡದವರಿಗಾಗಿ ಒಂದು ಮಾತು: ಇಡೀ ಪಾಠ ಮಾಡುವ ಮೊದಲು ಒಂದೊಂದೇ ಕೌಶಲವನ್ನು ಬಿಡಿಬಿಡಿಯಾಗಿ ರೂಢಿಸುವ ಪದ್ಧತಿ ಇದು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶುರುವಾದದ್ದು, 1963ರ ಸುಮಾರಿಗೆ. ನಮ್ಮ ದೇಶದಲ್ಲಿ ನಡೆದು ಬಂದ ಲೆಕ್ಕದಲ್ಲಿ ಒಂದು ಸುತ್ತಿಗೆ 36 ನಿಮಿಷ: ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ. ಜೊತೆಯವರೇ ಮಕ್ಕಳಾಗಿ ಕೂಡುತ್ತಾರೆ, ಒಂದಿಬ್ಬರು ಅವಲೋಕನ ಪಟ್ಟಿ ಹಿಡಿದು ಅಂಕ ಹಾಕುತ್ತಾರೆ.

ಕೌಶಲಗಳಲ್ಲಿ, ಮಕ್ಕಳ ಗಮನ ಹಿಡಿದಿಡಲು ಪಾಠದ ರೀತಿ ಬದಲಿಸುತ್ತಿರುವ ಉದ್ದೀಪನ ಬದಲಾವಣೆ ಎಂಬುದೊಂದಿದೆ. ಓಡಾಟ, ಹಾವಭಾವ, ದನಿಯ ಏರಿಳಿತ, ಮಧ್ಯೆ ಮೌನ ಇವು ಅದರ ಘಟಕಗಳು. ನಮ್ಮಲ್ಲಿ ಕೈಯಿಂದ ಕೈಗೆ ಜೆರಾಕ್ಸ್ ಆಗುತ್ತ ಬಂದ ಪಟ್ಟಿಯಲ್ಲಿ ಇವುಗಳ ಜೊತೆಗೆ ‘ಕಣ್ಣಿನ ಸಂಪರ್ಕ’ ಮತ್ತು ‘ಮುಖದಲ್ಲಿ ನಗು’ ಕೂಡ ಇದ್ದವು. ಯಾವ ವರ್ಷ, ಯಾರು ಸೇರಿಸಿದರೋ, ಕೇಳಿದವರಿಲ್ಲ.

ಗಣಿತದ ಪ್ರಶಿಕ್ಷಣಾರ್ಥಿಯೊಬ್ಬರು ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ತೆಗೆದುಕೊಂಡಿದ್ದರು. ಪತ್ರಿಕೆಯ ಹಾಳೆಯಲ್ಲಿ ತ್ರಿಕೋನ ಕತ್ತರಿಸಿ, ಮೂರು ಮೂಲೆ ಹರಿದು, ಒಂದರ ಪಕ್ಕ ಒಂದಿಟ್ಟು, ಸರಳರೇಖೆಯಾಗುವುದನ್ನು ತೋರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಬೇರೆ ಆಕಾರದ ತ್ರಿಕೋನ ಎಲ್ಲರಿಗೂ ಒಂದೊಂದು ಕೊಟ್ಟು ಹರಿಸಿದರು. ಹರಿಯುವ ಮುಂಚೆ ಮೂಲೆಗಳಿಗೆ ಗುರುತು ಹಾಕಿಸಿದ್ದರು, ಇಲ್ಲದಿದ್ದರೆ ಹರಿದ ಅಂಚು ಯಾವುದು, ಕೋನ ಯಾವುದು ಎಂದು ಗಲಿಬಿಲಿಯಾಗುತ್ತದೆ. ಇದು ಅನುಭವಿ ಶಿಕ್ಷಕರಿಗೂ ಎಷ್ಟೋ ಸಲ ಹೊಳೆಯದ ಮುಂದಾಲೋಚನೆ. ಪಾಠದುದ್ದಕ್ಕೂ ಅವರ ಕಣ್ಣು ಮಾತ್ರ ಹಾಳೆಯ ಮೇಲೆ, ಇಲ್ಲವೇ ಹಿಂದಿನ ಗೋಡೆಯ ಮೇಲೆ. ದನಿ ಒಂದೇ ಮಟ್ಟ.

ಅಂಕ ಕಡಿಮೆ ಬಂತು. ಹಿಮ್ಮಾಹಿತಿ ಕೊಟ್ಟವರು ಕೆಟ್ಟ ಮನಸ್ಸಿನಿಂದೇನೂ ಹೇಳಲಿಲ್ಲ: “ಪಾಠ ಚಲೋ ಆತು, ಆದ್ರ ಸ್ವಲ್ಪ ನಗ್ರಿ, ನಮ್ಮನ್ನ ನೋಡ್ರಿ. ಗ್ವಾಡಿಗಿ ಪಾಠ ಮಾಡಿದಂಗ ಆಗೈತಿ.”

ಮರುಪಾಠದಲ್ಲಿ ಅವರು ನಕ್ಕರು. ಕಣ್ಣನ್ನೂ ಎತ್ತಿದರು: ಮೊದಲ ಸಾಲು, ಎರಡನೆಯ ಸಾಲು, ಮೂರನೆಯ ಸಾಲು, ಮತ್ತೆ ಮೊದಲ ಸಾಲು. ಅಂಕ ಏರಿತು, ಚಪ್ಪಾಳೆಯೂ ಬಿತ್ತು. ಆದರೆ ಮೂಲೆಗಳಿಗೆ ಗುರುತು ಹಾಕಿಸುವುದು ಬಿಟ್ಟುಹೋಗಿತ್ತು. ಇಬ್ಬರು ಮೂರು ಜನ ಹರಿದ ಚೂರುಗಳನ್ನು ತಿರುಗಾಮುರುಗಾ ಜೋಡಿಸುತ್ತ ಕೂತರು. ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ನಗು ಬಂತು, ರೇಖಾಗಣಿತ ಹೋಯಿತು, ಅಂಕ ಹೆಚ್ಚಾಯಿತು. ಈ ಮೂರೂ ಒಂದೇ ಆರು ನಿಮಿಷದಲ್ಲಿ ಆದವು.

ಕ್ಯಾರಲ್ ಬಗ್ಗೆ ಓದಿದ್ದು

ಮುಂದಿನ ಓದಿನ ತರಗತಿಯಲ್ಲಿ ಕ್ಯಾರಲ್ ಬರುವ ಭಾಗ ಇತ್ತು. ಡೋನಾ ಒಳಗೆ ಎಲ್ಲೋ ದೂರ ಇದ್ದಾಗಲೂ ಕ್ಯಾರಲ್ ಹೊರಗೆ ನಗುತ್ತಿರುತ್ತಾಳೆ, ಎದುರಿನವರ ಮಾತಿಗೆ ಮಾತು ಸೇರಿಸುತ್ತಾಳೆ, ಜನ ಅವಳನ್ನು ಇಷ್ಟಪಡುತ್ತಾರೆ. ಇಷ್ಟಪಟ್ಟದ್ದು ಯಾರನ್ನು ಎಂಬುದು ಪುಸ್ತಕದುದ್ದಕ್ಕೂ ಉಳಿಯುವ ನೋವು. ಓದಿ ಮುಗಿಸುವಷ್ಟರಲ್ಲಿ ಮಧ್ಯದ ಬೆಂಚಿನಿಂದ ಒಬ್ಬ ಎದ್ದ. “ಮೇಡಂ, ಹಂಗಂದ್ರ ಮೊನ್ನಿ ಮೈಕ್ರೋ ಟೀಚಿಂಗ್‌ನ್ಯಾಗ ನಾವು ಮಾಡಿದ್ದೂ ಇದs ಆತಲ್ರಿ?”

ಅವನು ಯಾರ ಹೆಸರನ್ನೂ ಎತ್ತಲಿಲ್ಲ. ಎಲ್ಲರ ಕತ್ತು ಮಾತ್ರ ಒಂದೇ ದಿಕ್ಕಿಗೆ ತಿರುಗಿತು.

ಇಂಥ ಗಳಿಗೆಯಲ್ಲಿ ಒಳ್ಳೆಯ ಮನಸ್ಸಿನ ಶಿಕ್ಷಕರಿಗೆ ಒಂದು ಆಸೆ ಹುಟ್ಟುತ್ತದೆ, ಆ ವಿದ್ಯಾರ್ಥಿ ಎದ್ದು ನಿಂತು ಮನಸ್ಸು ಬಿಚ್ಚಲಿ, ತರಗತಿ ಕರಗಲಿ ಎಂದು. ಆತ್ಮಕಥನಗಳನ್ನು ಓದಿಸುವಾಗ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಬರೆದವರು ತಾವು ಹೇಳಬೇಕಾದ್ದನ್ನು ತಮ್ಮ ಹೊತ್ತಿನಲ್ಲಿ, ತಮ್ಮ ಮಾತಿನಲ್ಲಿ, ಬೇಡವಾದದ್ದನ್ನು ಬಿಟ್ಟು ಬರೆದಿರುತ್ತಾರೆ. ಬೆಂಚಿನ ಮೇಲೆ ಕೂತವರಿಗೆ ಆ ಯಾವ ಅನುಕೂಲವೂ ಇಲ್ಲ. ಹೀಗಾಗಿ ಕರಾರನ್ನು ನೆನಪಿಸಿ, ಅವಲೋಕನ ಪಟ್ಟಿಯನ್ನು ತರಿಸಿ ಬೋರ್ಡಿನ ಮೇಲೆ ಬರೆಸಿದೆ. ಮಾತಾಡುವುದಾದರೆ ಇದರ ಬಗ್ಗೆ ಮಾತಾಡೋಣ ಎಂದೆ.

ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆದೆ. ನಮ್ಮ ದೇಶದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ಐಎಸ್‌ಎಎ (ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ) ಎಂಬ ಮಾಪನದಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. ಅದರ ಮೊದಲ ಎರಡು ಅಂಶಗಳೇ ಕಣ್ಣಿನ ಸಂಪರ್ಕದ ಕೊರತೆ ಮತ್ತು ಸಾಮಾಜಿಕ ನಗುವಿನ ಕೊರತೆ. ಎರಡೂ ಪಟ್ಟಿ ಅಕ್ಕಪಕ್ಕ ಬಂದಾಗ ತರಗತಿಗೆ ತಾನಾಗಿಯೇ ಹೊಳೆಯಿತು. ಒಂದು ಪಟ್ಟಿ ಇವಿಲ್ಲದವರನ್ನು ಗುರುತಿಸುತ್ತದೆ, ಇನ್ನೊಂದು ಪಟ್ಟಿ ಇವನ್ನು ಕಲಿಸಿ ರೂಢಿಮಾಡಿಸುತ್ತದೆ. ಎರಡನೆಯದರಲ್ಲಿ ಚೆನ್ನಾಗಿ ಪಾಸಾದವರು ಮೊದಲನೆಯದರ ಕಣ್ಣಿಗೆ ಬೀಳದೆ ಹೋಗಬಹುದು. ಮುಖವಾಡದಿಂದಾಗಿ ಹೆಣ್ಣುಮಕ್ಕಳ ಆಟಿಸಂ ತಡವಾಗಿ ಗೊತ್ತಾಗುತ್ತದೆ ಎನ್ನುವುದರ ಒಳಕೆಲಸ ಇದು. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ವಿವರಿಸಿದ, ಆಟಿಸಂ ಇರುವ ಮೊದಲ 11 ಮಕ್ಕಳಲ್ಲಿ ಮೂವರು ಮಾತ್ರ ಹುಡುಗಿಯರು. ಆಮೇಲೆ ಬಂದ ಪಟ್ಟಿಗಳಿಗೂ ಹುಡುಗರೇ ಅಚ್ಚು.

“ನಾವೆಲ್ಲಾ ಹಂಗs ಅದೀವಲ್ರಿ”

ಇಲ್ಲಿಂದ ಚರ್ಚೆ ಬಿಸಿಯಾಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಹೇಳಿದ ಮಾತು ಈಗಲೂ ನನಗೆ ಆ ಬ್ಯಾಚಿನ ಅತ್ಯಂತ ಚುರುಕಾದ ಮಾತು: “ಇಲ್ಲಿ ಕಣ್ಣಾಗ ಕಣ್ಣಿಟ್ಟು ನೋಡ್ರಿ ಅಂತೀರಿ. ಮನ್ಯಾಗ ಕನ್ಯಾ ನೋಡಾಕ ಬಂದ್ರ, ತೆಳಗ ನೋಡ, ಹಲ್ಲ ಬಿಡಬ್ಯಾಡ ಅಂತಾರ. ಯಾವ್ದ ಖರೇ ಅನ್ಬೇಕ್ರಿ ನಾವು?” ಕ್ಲಾಸು ಜೋರಾಗಿ ನಕ್ಕಿತು. ಅದರ ಬೆನ್ನಿಗೇ ಇನ್ನೊಬ್ಬಳು, “ಹಂಗಂದ್ರ ನಾವೆಲ್ಲಾ ಹಂಗs ಅದೀವಲ್ರಿ. ಎಲ್ಲಾರೂ ಸೋಗು ಹಾಕವ್ರs” ಎಂದಳು. ಹೌದೆಂದು ಎಲ್ಲರ ತಲೆ ಆಡಿತು.

ಮೊದಲ ಮಾತಿಗೂ ಎರಡನೆಯದಕ್ಕೂ ಅಜಗಜಾಂತರ. ಕಣ್ಣು ಕೊಟ್ಟು ನೋಡುವುದು ಸಹಜ ಗುಣವೇನಲ್ಲ, ಜಾಗ ಬದಲಾದಂತೆ ಬದಲಾಗುವ ಕಟ್ಟಳೆ ಎಂದು ಮೊದಲ ಮಾತು ತೋರಿಸುತ್ತದೆ. ಎರಡನೆಯದು ಕೇಳಲು ಹಿತ, ಒಳಗೆ ಪೊಳ್ಳು. ಕನ್ಯಾ ನೋಡಲು ಬಂದವರೆದುರು ತಲೆ ತಗ್ಗಿಸಿದ ಹುಡುಗಿ ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅಕ್ಕತಂಗಿಯರೊಂದಿಗೆ ಅವರದೇ ನಕಲು ಮಾಡಿ ನಗುತ್ತಾಳೆ. ಅವಳಿಗೆ ಯಾವಾಗ ಸೋಗು, ಯಾವಾಗ ಬಿಡುವು ಎಂಬ ಗಡಿ ಗೊತ್ತು, ಬಿಡುವಿನ ಜಾಗವೂ ಇದೆ. ಆಟಿಸಂ ಇರುವವರು ವಿವರಿಸುವ ಮುಖವಾಡ ಹಾಗಲ್ಲ. ಎದುರಿನವರಿಗೆ ತಾನಾಗಿ ಬರುವುದನ್ನು ಅವರು ನೋಡಿ, ಲೆಕ್ಕ ಹಾಕಿ, ಮಾಡಬೇಕು. ಎರಡು ಸೆಕೆಂಡು ನೋಡಿ ಕಣ್ಣು ತೆಗೆಯಬೇಕು, ಈಗ ತಲೆ ಆಡಿಸಬೇಕು, ಈಗ ನಗಬೇಕು. ಬಾಯಿ ಪಾಠ ಹೇಳುತ್ತಿರುವಾಗ ತಲೆಯೊಳಗೆ ಇನ್ನೊಂದು ಪಾಠ ನಡೆದಿರುತ್ತದೆ. ಸಂಜೆ ಮನೆಗೆ ಬಂದಾಗ ಮಾತೇ ಹೊರಡದಷ್ಟು ದಣಿವು. ವರ್ಷಗಟ್ಟಲೆ ಹೀಗೇ ನಡೆದರೆ ತನಗೆ ನಿಜಕ್ಕೂ ಏನಿಷ್ಟ ಎಂಬುದೇ ತಿಳಿಯದಂತಾಗುತ್ತದೆ ಎಂದು ಹಲವರು ಬರೆದಿದ್ದಾರೆ. ‘ನಾವೆಲ್ಲಾ ಹಂಗs’ ಎಂದ ಕೂಡಲೇ ಅವರ ಈ ದಣಿವನ್ನು ಅಲ್ಲಗಳೆದಂತೆ.

ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ತಾವೇ ಆಟಿಸಂ ಇರುವವರು, ಸಮಾಜಶಾಸ್ತ್ರದ ವಿದ್ವಾಂಸರು. ಅರ್ಥವಾಗದಿರುವುದು ಎರಡೂ ಕಡೆಯದು ಎಂದು 2012ರಲ್ಲಿ ಅವರು ವಾದಿಸಿದರು. ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಿರುವಷ್ಟೇ ಉಳಿದವರಿಗೆ ಇವರೂ ಅರ್ಥವಾಗುವುದಿಲ್ಲ, ಆದರೆ ತಿದ್ದಿಕೊಳ್ಳುವ ಕೆಲಸ ಮಾತ್ರ ಒಂದೇ ಕಡೆಯವರ ಪಾಲಿಗೆ ಬರುತ್ತದೆ. ಅಣುಬೋಧನೆಯ ಉದಾಹರಣೆ ಕಣ್ಣೆದುರಿಗೇ ಇದ್ದುದರಿಂದ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಪಾಠ ಮಾಡಿದವರಿಗೆ ನಗಲು ಹೇಳಿದ್ದೆವು. ನಗದ ಮುಖದಿಂದ ಪಾಠ ಕೇಳಿಸಿಕೊಳ್ಳುವುದನ್ನು ನೋಡುವವರಿಗೆ ಯಾರೂ ಕಲಿಸಿರಲಿಲ್ಲ.

ಆ ವಾರ ಬಂದ ಬರಹಗಳಲ್ಲಿ ಆ ಗಣಿತದ ಪ್ರಶಿಕ್ಷಣಾರ್ಥಿಯದೂ ಇತ್ತು. ಅರ್ಧ ಪುಟ. ತಮ್ಮ ಬಗ್ಗೆ ದೊಡ್ಡ ಮಾತೇನೂ ಇರಲಿಲ್ಲ. ಮರುಯೋಜನೆಯ ಹನ್ನೆರಡು ನಿಮಿಷದಲ್ಲಿ ಪಾಠ ಯೋಜನೆಯ ಅಂಚಿಗೆ ಪೆನ್ಸಿಲಿನಿಂದ ಚುಕ್ಕೆ ಇಟ್ಟುಕೊಂಡೆ, ಚುಕ್ಕೆ ಇದ್ದಲ್ಲಿ ನಕ್ಕೆ ಎಂದು ಬರೆದಿದ್ದರು. ಚುಕ್ಕೆಗಳನ್ನು ನೋಡುವುದರಲ್ಲಿ ಒಂದು ಸಾಲು ತಪ್ಪಿತು, ಅದೇ ಮೂಲೆ ಗುರುತಿಸುವ ಸಾಲು. ಕೊನೆಗೆ ಒಂದು ಪ್ರಶ್ನೆ: ‘ಡೆಮೊ ಕ್ಲಾಸಿಗೆ ಹೋದಾಗ ಎಷ್ಟು ಚುಕ್ಕೆ ಇಡಬೇಕು?’

ಒಪ್ಪಿಕೊಳ್ಳಬೇಕಾದವರು ಯಾರು

ಆ ಪ್ರಶ್ನೆಯಲ್ಲಿ ವ್ಯಂಗ್ಯ ಇರಲಿಲ್ಲ. ಖಾಸಗಿ ಶಾಲೆಗಳಲ್ಲಿ ಕೆಲಸ ಸಿಗುವುದು ಡೆಮೊ ಕ್ಲಾಸಿನ ಮೇಲೆ. ಮ್ಯಾನೇಜ್‌ಮೆಂಟಿನವರು ಹಿಂದೆ ಕೂತು ನೋಡುತ್ತಾರೆ, ಅವರು ಮೊದಲು ನೋಡುವುದೇ ಮುಖ. ಸರ್ಕಾರಿ ನೇಮಕಾತಿ ಲಿಖಿತ ಪರೀಕ್ಷೆಯ ಮೇಲೆ ನಡೆಯುವುದರಿಂದ ಇಂಥವರಿಗೆ ಅದೇ ವಾಸಿ. ಆದರೆ ಅದು ಕರೆದಾಗ ಬರಬೇಕು, ಅಲ್ಲಿಯವರೆಗೆ ಹೊಟ್ಟೆ ಕಾಯುವುದಿಲ್ಲ.

ತರಗತಿಯ ಹೆಚ್ಚಿನವರಿಗೆ ಪುಸ್ತಕದ ಕೊನೆ ಹೇಗಿರಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು: ಡೋನಾ ಮುಖವಾಡ ಕಳಚಬೇಕು, ತನ್ನನ್ನು ತಾನು ಒಪ್ಪಿಕೊಳ್ಳಬೇಕು, ಶುಭಂ. ವಿಲ್ಲಿ ಮತ್ತು ಕ್ಯಾರಲ್ ಇಲ್ಲದೆ ಬದುಕುವ ಪ್ರಯತ್ನವನ್ನು ಅವರು ಬರೆದದ್ದು 1994ರಲ್ಲಿ ಬಂದ ಮುಂದಿನ ಪುಸ್ತಕದಲ್ಲಿ, ಅದೂ ಒಂದು ಬೆಳಗಿನಲ್ಲಿ ಮುಗಿದ ಕೆಲಸವಲ್ಲ. ಕ್ಯಾರಲ್ ನೋವು ಕೊಟ್ಟವಳು ಹೌದು, ಹಾಗೆಯೇ ಕೆಲಸಕ್ಕೆ ಹೋಗಿ ದುಡಿದು ತಂದವಳೂ ಅವಳೇ. ತನ್ನನ್ನು ಒಪ್ಪಿಕೊಳ್ಳುವುದನ್ನು ನಾವು ಆ ವ್ಯಕ್ತಿಯ ಮನೋಬಲದ ವಿಷಯ ಮಾಡಿಬಿಟ್ಟರೆ, ನಗಬೇಕು ಎಂಬ ಹಳೆಯ ಬೇಡಿಕೆಯ ಮೇಲೆ ಧೈರ್ಯವಾಗಿ ನಗದೆ ಇರಬೇಕು ಎಂಬ ಹೊಸ ಬೇಡಿಕೆ ಹೇರಿದಂತಾಗುತ್ತದೆ. ಅಂಕ ಹಾಕುವವರ ಪೆನ್ನು ಬದಲಾಗದೆ ಮುಖವಾಡ ತೆಗೆ ಎನ್ನುವುದು ಉಪದೇಶವೇ ಹೊರತು ಸಹಾಯವಲ್ಲ. ಚರ್ಚೆ ಇಲ್ಲಿಗೆ ಬಂದಾಗ ಕೆಲವರಿಗೆ ಸಮಾಧಾನವಾಗಲಿಲ್ಲ. ಕಥೆಯ ಸುಖಾಂತ ಹೋಯಿತೆಂಬ ಬೇಸರ ಇರಬೇಕು.

ಕಾನೂನನ್ನೂ ಅಂದು ತೆಗೆದು ನೋಡಿದೆವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಶಾಲೆಗಳು ಮಾಡಿಕೊಡಬೇಕೆಂದು ಅದರ 16ನೆಯ ಕಲಂ ಹೇಳುತ್ತದೆ. ಮೀಸಲಾತಿಗೆ ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದೆ ಎಂಬ ಪ್ರಮಾಣಪತ್ರ ಬೇಕು. ಮುಖವಾಡದೊಳಗೆ ದೊಡ್ಡವರಾದವರಿಗೆ ಆ ಪ್ರಮಾಣಪತ್ರ ದೂರದ ಮಾತು. ವಯಸ್ಕರನ್ನು ಕೂರಿಸಿ ಬಾಲ್ಯದಿಂದ ವಿಚಾರಿಸಿ ನೋಡುವ ಪರಿಣತರಿಗಾಗಿ ನಮ್ಮ ಕಡೆಯವರು ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕು. ಮನೆಯಲ್ಲಿ ಏನೆಂದು ಹೇಳಿ ಹೋಗುವುದು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಆದರೆ ಒಂದು ಅವಲೋಕನ ಪಟ್ಟಿ ತಿದ್ದಲು ಯಾರ ಪ್ರಮಾಣಪತ್ರವೂ ಬೇಕಿಲ್ಲ.

ಪಟ್ಟಿ

ತಿದ್ದಿದವರು ಪ್ರಶಿಕ್ಷಣಾರ್ಥಿಗಳೇ. ‘ಮುಖದಲ್ಲಿ ನಗು’ ತೆಗೆದರು. ‘ಕಣ್ಣಿನ ಸಂಪರ್ಕ’ದ ಜಾಗದಲ್ಲಿ ‘ಯಾವ ಮಗುವಿಗೆ ತಿಳಿದಿಲ್ಲ ಎಂಬುದನ್ನು ಶಿಕ್ಷಕರು ಯಾವುದಾದರೂ ರೀತಿಯಲ್ಲಿ ಕಂಡುಕೊಂಡರೇ?’ ಎಂದು ಬರೆದರು. ಕಣ್ಣಿನಿಂದ ನೋಡಿಯೇ ಆಗಬೇಕೆಂದಿಲ್ಲ. ಸ್ಲೇಟು ಎತ್ತಿಸಿ ನೋಡಬಹುದು, ಬೆಂಚುಗಳ ನಡುವೆ ಓಡಾಡಿ ನೋಟ್‌ಬುಕ್ ನೋಡಬಹುದು, ಹರಿದ ತ್ರಿಕೋನಗಳನ್ನು ನೋಡಬಹುದು. ‘ದನಿಯ ಏರಿಳಿತ’ವನ್ನು ತೆಗೆಯುವುದು ಬೇಡವೆಂದು ಬಹುಮತ ಬಂತು, ಉಳಿಯಿತು. ಹಿಂದಿನ ಬೆಂಚಿಗೆ ಕೇಳಿಸಬೇಕು ಎಂಬ ವಾದ ನನಗೂ ಸರಿ ಎನ್ನಿಸಿತು, ಆದರೆ ಏರಿಳಿತ ಬೇರೆ, ಕೇಳಿಸುವುದು ಬೇರೆ ಎಂಬುದು ಯಾರಿಗೂ ಬೇಕಾಗಲಿಲ್ಲ.

ಹಿರಿಯ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. “ಮೇಡಮ್ಮರ, ಒಂದನೇತ್ತದ ಹುಡುಗ್ರ ಮುಂದ ಮುಖ ಗಂಟ ಹಾಕ್ಕೊಂಡ ನಿಂತ್ರ ಅವು ಅಳತಾವ್ರಿ. ನಗು ಅನ್ನೂದು ಸೋಗಲ್ಲ, ಅದು ಕಸಬಿನ ಭಾಗ. ಡಾಕ್ಟ್ರು ಕೈ ತೊಳಕೊಂಡಂಗ” ಎಂದರು. ಸಣ್ಣ ಮಕ್ಕಳ ಮಟ್ಟಿಗೆ ಅವರ ಮಾತನ್ನು ತಳ್ಳಿಹಾಕಲಾರೆ. ಮಗುವಿಗೆ ಭರವಸೆ ಬೇಕು, ನಗು ಅದಕ್ಕೆ ಹತ್ತಿರದ ದಾರಿ. ಅದೊಂದೇ ದಾರಿಯೇ ಎಂಬಲ್ಲಿ ನಮ್ಮಿಬ್ಬರ ಜಗಳ ಇನ್ನೂ ಇದೆ. ದಿನಾ ಒಂದೇ ರೀತಿ ಪಾಠ ಶುರುಮಾಡುವ, ಹೇಳಿದ್ದನ್ನು ಹೇಳಿದಂತೆ ಮಾಡುವ, ಸಿಟ್ಟಿಗೇಳದ ಶಿಕ್ಷಕಿಯನ್ನು ಮಕ್ಕಳು ನಂಬುವುದನ್ನು ಅವರೂ ಕಂಡಿದ್ದಾರೆ. ಅವರ ಎರಡನೆಯ ಆಕ್ಷೇಪಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ: ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಬಾಹ್ಯ ಪರೀಕ್ಷಕರು ಬರುತ್ತಾರೆ, ಅವರ ಕೈಯಲ್ಲಿ ಹಳೆಯ ಪಟ್ಟಿಯೇ ಇರುತ್ತದೆ.

ಹಾಗೇ ಆಯಿತು. ಆ ಪ್ರಶಿಕ್ಷಣಾರ್ಥಿ ಇಂಟರ್ನ್‌ಶಿಪ್ಪಿನ ತಿಂಗಳುಗಳಲ್ಲಿ ಹೊಸ ಪಟ್ಟಿಯಂತೆ ಪಾಠ ಮಾಡಿದರು. ಎಂಟನೆಯ ತರಗತಿಯ ಮಕ್ಕಳು ಗಣಿತದ ಪಿರಿಯಡ್ಡಿಗೆ ತಾವೇ ಕತ್ತರಿ, ಹಾಳೆ ತರುತ್ತಿದ್ದರು. ಪರೀಕ್ಷೆಯ ದಿನ ಮತ್ತೆ ಯೋಜನೆಯ ಅಂಚಿಗೆ ಚುಕ್ಕೆ ಇಟ್ಟುಕೊಂಡೇ ಹೋದರು. ಈ ಸಲ ನಾಲ್ಕೇ ಚುಕ್ಕೆ, ಅದೂ ಪಾಠದ ಶುರುವಿಗೆ ಎರಡು, ಮುಗಿಯುವಲ್ಲಿ ಎರಡು. ಮಧ್ಯದಲ್ಲಿ ಗಣಿತಕ್ಕೆ ಅಡ್ಡಿಯಾಗದಂತೆ ನೋಡಿಕೊಂಡೆ ಎಂದು ಆಮೇಲೆ ಹೇಳಿದರು. ಚೆನ್ನಾಗಿಯೇ ಅಂಕ ಬಂತು. ಅವರು ಮುಖವಾಡ ಹಾಕಿಕೊಂಡು ಹೋದರಲ್ಲ, ಓದಿದ್ದು ಏನು ಫಲ ಕೊಟ್ಟಿತು ಎಂದು ಸಹಪಾಠಿಯೊಬ್ಬ ಕೇಳಿದ್ದನಂತೆ. ಎಲ್ಲಿ ಎಷ್ಟು ಎಂಬುದನ್ನು ಈ ಸಲ ತಾವೇ ನಿರ್ಧರಿಸಿದ್ದು ಎಂದರಂತೆ.

ಮುಂದಿನ ಬ್ಯಾಚಿಗೆ ಈ ಓದನ್ನು ಅಣುಬೋಧನೆಗಿಂತ ಮೊದಲೇ ಇಟ್ಟಿದ್ದೇವೆ, ಮರುಪಾಠದಲ್ಲಿ ಹೊಸ ಪಟ್ಟಿಯ ಜೊತೆಗೆ ಮೊದಲ ಪಾಠದಿಂದ ಏನು ಬಿಟ್ಟುಹೋಯಿತು ಎಂದು ಬರೆಯಲು ಒಂದು ಕಾಲಂ ಸೇರಿಸಿದ್ದೇವೆ. ಬಾಹ್ಯ ಪರೀಕ್ಷೆಯ ಪಟ್ಟಿ ಬದಲಿಸಬೇಕೆಂದು ಕೋರಿ, ಎರಡೂ ಪಟ್ಟಿಗಳನ್ನು ಲಗತ್ತಿಸಿ, ಪ್ರಾಚಾರ್ಯರ ಸಹಿಯೊಂದಿಗೆ ಪತ್ರ ಹೋಗಿದೆ. ಉತ್ತರ ಬಂದಿಲ್ಲ.